ಅಪ್ಪ ಹೊತ್ತಿದ್ದ ಎಸ್‌ಎಲ್‌ಆರ್, ನಾನು ಕೊಳ್ಳಬೇಕೆಂದಿರುವ ರೈಫಲ್: ಬಳಸಿದವರು ದಯವಿಟ್ಟು ಹೇಳಿ

ಕಪ್ಪತಗುಡ್ಡದ ರೈತ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಡರಗಿ ತಾಲ್ಲೂಕು. ಗುಡ್ಡದ ಬುಡದಲ್ಲಿ 11 ಎಕರೆ ಮಸಾರಿ ಹೊಲವಿದೆ. ಶೇಂಗಾ ಮತ್ತು ಗೋವಿನಜೋಳ ಬೆಳೆಯುತ್ತೇವೆ. ಮೂರು ವರ್ಷಗಳಿಂದ ಕಾಡುಹಂದಿಗಳ ಕಾಟ ತಡೆಯಲಾಗುತ್ತಿಲ್ಲ. ಹಿಂಡು ಒಂದು ರಾತ್ರಿ ನುಗ್ಗಿದರೆ ಬೆಳಿಗ್ಗೆ ಹೊಲ ರಂಟೆ ಹೊಡೆದ ಹಾಗೆ ಕಾಣುತ್ತದೆ.

ಅಪ್ಪನಿಗೆ ಈಗ 74 ವರ್ಷ. ಸೈನ್ಯದಲ್ಲಿ 17 ವರ್ಷ ಇದ್ದು ಬಂದವರು. 1971ರ ಯುದ್ಧದ ಹೊತ್ತಿಗೆ ಹೊಸ ಸಿಪಾಯಿ. ಊರಿಗೆ ಬಂದ ಮೇಲೆ 1990ರಲ್ಲಿ ಪರವಾನಗಿ ಪಡೆದು ಒಂದು ಜೋಡುನಳಿಗೆ ಬಂದೂಕು ಕೊಂಡರು. ಅದು ಇಂದಿಗೂ ಮನೆಯಲ್ಲಿದೆ. ಆದರೆ ಬಂದೂಕಿನ ಮಾತು ಬಂದಾಗಲೆಲ್ಲ ಅವರು ನೆನೆಯುವುದು ಎಸ್‌ಎಲ್‌ಆರ್ ಅನ್ನು, ಅಂದರೆ ಸೈನ್ಯದಲ್ಲಿ ಅವರು ಹೊತ್ತಿದ್ದ, ಕಾಡತೂಸು ತಾನೇ ತುಂಬಿಕೊಳ್ಳುವ ರೈಫಲ್ ಅನ್ನು. ಅದರಂಥ ನಂಬಿಕೆಯ ರೈಫಲ್ ಮತ್ತೊಂದಿಲ್ಲ ಎನ್ನುತ್ತಾರೆ. ಅದನ್ನು ಹೊತ್ತ ಬೇರೆಯವರೂ ಹೀಗೆಯೇ ಹೇಳುತ್ತಾರೆಯೇ? ಅಂಥ ಅರೆ ಸ್ವಯಂಚಾಲಿತ ರೈಫಲ್ ನಮ್ಮಂಥವರಿಗೆ ಸಿಗುತ್ತದೆಯೇ? ಇಲ್ಲವಾದರೆ .315 (ನಳಿಗೆಯ ಒಳ ಅಳತೆ, ಅಂಗುಲದಲ್ಲಿ) ರೈಫಲ್ ಕೊಳ್ಳಬೇಕೆಂದಿದ್ದೇನೆ. ಇಟ್ಟುಕೊಂಡವರು ಅದರ ಗುಣ, ಬಾಳಿಕೆ ಹೇಗೆ ಎಂದು ಹೇಳಬೇಕು. ಅಂಗಡಿಯವರ ಮಾತು ಬೇಡ, ಬಳಸಿದವರ ಮಾತು ಬೇಕು.

ಹುಬ್ಬಳ್ಳಿ ತ್ರೀ ಒನ್ ಫೈವ್

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಅರೆ ಸ್ವಯಂಚಾಲಿತ ರೈಫಲ್‌ಗಳು, ಸೈನ್ಯದ ಕಾಡತೂಸು ಹಾರಿಸಬಲ್ಲ .303 ಮತ್ತು 7.62 ರೈಫಲ್‌ಗಳು ನಿರ್ಬಂಧಿತ ವರ್ಗಕ್ಕೆ ಸೇರುತ್ತವೆ. ಬೆಳೆ ಕಾಯಲು ಎಂದು ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಟ್ಟರೆ ಅವು ಸಿಗುವುದಿಲ್ಲ. ಆ ಆಸೆಯನ್ನು ಇಂದೇ ಬಿಡಿ.

.315 ಬಗ್ಗೆ ಹೇಳುತ್ತೇನೆ. ನನ್ನ ಬಳಿ 22 ವರ್ಷಗಳಿಂದ ಇದೆ, ಮಾವನವರಿಂದ ಬಂದದ್ದು. ಇದರ ಒಳಗಿನ ರಚನೆ ಹಳೆಯ ಲೀ-ಎನ್‌ಫೀಲ್ಡ್ ಮಾದರಿಯದು. ಸೈನ್ಯದ ಕಾಡತೂಸು ನಾಗರಿಕರ ಬಂದೂಕಿಗೆ ಹೊಂದಬಾರದು ಎಂಬ ಬ್ರಿಟಿಷರ ಕಾಲದ ನಿಯಮದಿಂದಾಗಿ .303 ಬದಲು ಈ 8 ಮಿಲಿಮೀಟರ್ ಅಳತೆ ಬಳಕೆಗೆ ಬಂತು. ಪ್ರತಿ ಸಲವೂ ಬೋಲ್ಟ್ ಅನ್ನು, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಅಗುಳಿಯನ್ನು, ಕೈಯಿಂದಲೇ ಎಳೆದು ತಳ್ಳಬೇಕು. ಒಂದು ಕಾಡತೂಸು ಸಿಡಿಯದಿದ್ದರೆ ಸ್ವಲ್ಪ ಹೊತ್ತು ಕಾದು, ಬೋಲ್ಟ್ ಎಳೆದರೆ ಅದು ಹೊರಗೆ ಬೀಳುತ್ತದೆ, ಮುಂದಿನದು ಒಳಗೆ ಹೋಗುತ್ತದೆ. ಚಲಿಸುವ ಭಾಗಗಳು ಕಡಿಮೆ, ಆದ್ದರಿಂದ ಕೆಡುವುದೂ ಕಡಿಮೆ. 22 ವರ್ಷಗಳಲ್ಲಿ ನನ್ನದು ಕೈಕೊಟ್ಟದ್ದು ಎರಡೇ ಸಲ. ಎರಡು ಸಲವೂ ತಪ್ಪು ನಾನು ಅಡುಗೆಮನೆಯ ಅಟ್ಟದ ಮೇಲೆ ಇಟ್ಟಿದ್ದ ಹಳೆಯ ಕಾಡತೂಸುಗಳದು. ಒಲೆಯ ಬಿಸಿ, ಮಳೆಗಾಲದ ತೇವ ಎರಡನ್ನೂ ವರ್ಷಗಟ್ಟಲೆ ಕುಡಿದಿದ್ದವು.

ಹಳೆಯದನ್ನು ಕೊಳ್ಳುವವರು ಮಾತ್ರ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಲೇಬೇಕು. ಗೆಳೆಯನೊಬ್ಬ ಹೊರಗಿನ ಪಾಲಿಶ್ ನೋಡಿ ಕೊಂಡ. ಹಿಂದಿನ ಮಾಲೀಕರು ಹಾರಿಸಿದ ಮೇಲೆ ಒಮ್ಮೆಯೂ ನಳಿಗೆ ಒರೆಸಿರಲಿಲ್ಲ. ಒಳಗೆ ತುಕ್ಕು ತಿಂದು ಸಣ್ಣ ಸಣ್ಣ ಕುಳಿ ಬಿದ್ದಿದ್ದವು. ಐವತ್ತು ಹೆಜ್ಜೆಯಲ್ಲಿ ಮಡಕೆಗೆ ಹೊಡೆದರೆ ಗುಂಡು ಮೊಳದಾಚೆ ಬೀಳುತ್ತಿತ್ತು.

ಮಾಜಿ ಸುಬೇದಾರ್, ಹಾವೇರಿ

ಮುಂಡರಗಿಯ ತಮ್ಮನಿಗೆ ಮತ್ತು ಅವರ ತಂದೆಯವರಿಗೆ ನಮಸ್ಕಾರ. ನಾನು 1981ರಲ್ಲಿ ಬೆಳಗಾವಿಯಲ್ಲಿ ಭರ್ತಿಯಾದವನು. ತರಬೇತಿಯಿಂದ ಹಿಡಿದು ಹದಿನೇಳು ವರ್ಷ ಎಸ್‌ಎಲ್‌ಆರ್ ನನ್ನ ಹೆಗಲ ಮೇಲಿತ್ತು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

1962ರಲ್ಲಿ ನಮ್ಮ ಜವಾನರ ಕೈಯಲ್ಲಿ ಇದ್ದದ್ದು .303. ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾಗಿತ್ತು. ಆ ಯುದ್ಧದ ಮರುವರ್ಷಗಳಲ್ಲಿ ಈಶಾಪುರದ ಕಾರ್ಖಾನೆಯಿಂದ 7.62 ಎಸ್‌ಎಲ್‌ಆರ್ ಬಂತು. ಬೆಲ್ಜಿಯಂ ಮೂಲದ ರೈಫಲ್ ಅದು. ನಮ್ಮಲ್ಲಿ 1ಎ1 ಎಂದು ಹೆಸರು. ಕೆಳಗೆ ಸಿಕ್ಕಿಸುವ ಕಾಡತೂಸಿನ ಪೆಟ್ಟಿಗೆ, ಅಂದರೆ ಮ್ಯಾಗಜಿನ್‌ನಲ್ಲಿ 20 ಕಾಡತೂಸು. ಕುದುರೆ (ಟ್ರಿಗರ್) ಒತ್ತಿದಷ್ಟು ಸಲ ಒಂದೊಂದೇ ಗುಂಡು ಹೋಗುತ್ತದೆ, ಮುಂದಿನದು ತಾನೇ ಬಂದು ಕೂರುತ್ತದೆ. ಗುಂಡು ನಳಿಗೆಯಲ್ಲಿ ಓಡುವಾಗ ಅದರ ಹಿಂದಿನ ಅನಿಲದ ಒಂದು ಪಾಲು ಮೇಲಿನ ರಂಧ್ರದಿಂದ ಸಿಲಿಂಡರಿಗೆ ಹೋಗಿ ಪಿಸ್ಟನ್ ಅನ್ನು ತಳ್ಳುತ್ತದೆ. ಆ ಒಂದು ತಳ್ಳಿನಲ್ಲಿ ಖಾಲಿ ಕೋಶ ಹೊರಗೆ ಹಾರುತ್ತದೆ, ಸ್ಪ್ರಿಂಗ್ ಮರಳುವಾಗ ಹೊಸದು ಒಳಗೆ ಬರುತ್ತದೆ. ಈ ರೈಫಲ್‌ನ ಒಳ್ಳೆಯದೂ ಕೆಟ್ಟದ್ದೂ ಆ ಅನಿಲದಲ್ಲಿಯೇ ಇದೆ.

ಆ ಅನಿಲವನ್ನು ಹೆಚ್ಚು ಕಡಿಮೆ ಮಾಡಲು ಗ್ಯಾಸ್ ರೆಗ್ಯುಲೇಟರ್ ಎಂಬ, ಒಂದೊಂದೇ ಹಲ್ಲಿನಂತೆ ತಿರುಗುವ ಸಣ್ಣ ತಿರುಗುಬಳೆ ಇರುತ್ತದೆ. ಹೆಚ್ಚು ತೆರೆದಿದ್ದರೆ ಅನಿಲ ಹೊರಗೆ ಹೋಗಿ ಪಿಸ್ಟನ್‌ಗೆ ಬಲ ಸಾಲದೆ ಖಾಲಿ ಕೋಶ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಮುಚ್ಚಿದರೆ ರೈಫಲ್ ಕೆಲಸ ಮಾಡುತ್ತದೆ, ಆದರೆ ಒಳಗಿನ ಭಾಗಗಳು ಒಂದಕ್ಕೊಂದು ಜೋರಾಗಿ ಬಡಿದು ಬೇಗ ಸವೆಯುತ್ತವೆ, ಹೆಗಲಿಗೂ ಪೆಟ್ಟು. ನಮಗೆ ತರಬೇತಿ ಕೊಡುತ್ತಿದ್ದ ಉಸ್ತಾದರು ಪ್ರತಿಯೊಬ್ಬರ ರೈಫಲ್‌ಗೂ ಫೈರಿಂಗ್ ರೇಂಜಿನಲ್ಲಿ ಕೂತು ಒಂದೊಂದೇ ಹಲ್ಲು ಮುಚ್ಚುತ್ತ, ಕೋಶ ಸರಿಯಾಗಿ ಹೊರಬೀಳುವ ಅಂಕೆ ಹುಡುಕಿಸಿ, ಅದರ ಮೇಲೆ ಎರಡು ಹಲ್ಲು ಸೇರಿಸುತ್ತಿದ್ದರು. ಒಬ್ಬರ ಅಂಕೆ ಇನ್ನೊಬ್ಬರದಲ್ಲ. ರೈಫಲ್ ನಿಂತುಹೋಯಿತು ಎಂದು ಬಂದವರಲ್ಲಿ ಹೆಚ್ಚಿನವರು ತಮ್ಮ ಅಂಕೆಯನ್ನು ಮರೆತವರಾಗಿರುತ್ತಿದ್ದರು. ಉಳಿದವರ ಪಿಸ್ಟನ್ ಮೇಲೆ ಮಸಿ ಕಟ್ಟಿರುತ್ತಿತ್ತು, ಇಲ್ಲವೇ ಮ್ಯಾಗಜಿನ್‌ನ ತುಟಿ ನೆಗ್ಗಿರುತ್ತಿತ್ತು. ಮ್ಯಾಗಜಿನ್ ಅನ್ನು ಕಲ್ಲಿನ ಮೇಲೆ ಬೀಳಿಸಿದವನಿಗೆ ಉಸ್ತಾದರು ಕೊಡುತ್ತಿದ್ದ ಶಿಕ್ಷೆ ಇಂದಿಗೂ ಮೊಣಕಾಲಿಗೆ ನೆನಪಿದೆ.

ರಾಜಸ್ಥಾನದ ಮರಳಿನಲ್ಲಿ ಎರಡು ವರ್ಷ ಇದ್ದೆವು. ಅಲ್ಲಿ ಎಣ್ಣೆಯೇ ವೈರಿ. ಎಣ್ಣೆ ಹೆಚ್ಚಾದರೆ ಮರಳು ಅಂಟಿ ಅರೆಯುವ ಹಿಟ್ಟಾಗುತ್ತದೆ. ಪುಲ್‌ಥ್ರೂ ಎಂಬ ಹಗ್ಗಕ್ಕೆ ಚಿಂದಿ ಕಟ್ಟಿ ನಳಿಗೆ ಎಳೆದು, ಎಲ್ಲವನ್ನೂ ಒಣಗಿಸಿ ಒರೆಸಿ, ಬೆರಳಿಗೆ ತಾಗಿದಷ್ಟೇ ಎಣ್ಣೆ ಸವರುತ್ತಿದ್ದೆವು. ಹಿಮದಲ್ಲಿಯೂ ಹಾಗೆಯೇ, ಎಣ್ಣೆ ಗಟ್ಟಿಯಾಗಿ ಬೋಲ್ಟ್ ನಿಧಾನವಾಗುತ್ತಿತ್ತು. ಹೀಗೆ ನೋಡಿಕೊಂಡವನ ರೈಫಲ್ ಅವನನ್ನು ಕೈಬಿಟ್ಟದ್ದನ್ನು ನಾನು ಕಂಡಿಲ್ಲ. ತಂದೆಯವರ ಮಾತು ಸತ್ಯ.

ದೋಷವನ್ನೂ ಹೇಳಬೇಕು. ಖಾಲಿ ಇದ್ದಾಗಲೂ ನಾಲ್ಕು ಕಿಲೋ ದಾಟುತ್ತದೆ; ತುಂಬಿದ ಮ್ಯಾಗಜಿನ್ ಸೇರಿ ಸುಮಾರು ಐದು. ಉದ್ದ ನಾಲ್ಕು ಅಡಿಗೆ ಸ್ವಲ್ಪ ಕಡಿಮೆ. ಶ್ರೀಲಂಕಾದ ಕಾಡಿನಲ್ಲಿ, ಶಾಂತಿಪಾಲನಾ ಪಡೆಯ ದಿನಗಳಲ್ಲಿ, ಎದುರಿನವರ ಕೈಯಲ್ಲಿ ಎಕೆ-47 ಇತ್ತು. ಪೊದೆಗಳ ನಡುವೆ ನಮ್ಮ ಉದ್ದನೆಯ ನಳಿಗೆ ತಿರುಗಿಸುವಷ್ಟರಲ್ಲಿ ಅವರು ಹತ್ತು ಗುಂಡು ಹಾರಿಸಿರುತ್ತಿದ್ದರು. ಬಯಲಿನಲ್ಲಿ 300 ಮೀಟರಿಗೆ ಒಂದು ಗುಂಡು ಒಂದು ಗುರಿ ಎಂದರೆ ಎಸ್‌ಎಲ್‌ಆರ್. ಕಾಡಿನಲ್ಲಿ ಹತ್ತು ಹೆಜ್ಜೆಗೆ ಅದು ಹೊರೆ. ಅಲ್ಲಿ ನಾನು ಇಬ್ಬರು ಗೆಳೆಯರನ್ನು ಕಳೆದುಕೊಂಡೆ. ಅದಕ್ಕೇ ಈ ರೈಫಲ್ ಅನ್ನು ಹೊಗಳುವಾಗ ನನ್ನ ಬಾಯಿ ಅರ್ಧಕ್ಕೆ ನಿಲ್ಲುತ್ತದೆ.

ತಮ್ಮಾ, ತಂದೆಯವರನ್ನು ಅವರ ರೈಫಲ್‌ನ ಬಟ್ ನಂಬರ್, ಅಂದರೆ ಹೆಗಲಿಗೆ ಒರಗುವ ಹಿಡಿಯ ಮೇಲಿನ ಗುರುತಿನ ಸಂಖ್ಯೆ, ಕೇಳಿ ನೋಡಿ.

ನವಲಗುಂದದ ಮಾಜಿ ನಾಯಕ್

ಸುಬೇದಾರ್ ಸಾಹೇಬರಿಗೆ ಗೌರವಪೂರ್ವಕ ನಮಸ್ಕಾರ. ಒಂದು ಮಾತು ಸೇರಿಸುತ್ತೇನೆ. ನಾನು ಎಸ್‌ಎಲ್‌ಆರ್ ನಂತರ ಬಂದ 5.56 ರೈಫಲ್ ಇನ್‌ಸಾಸ್ ಕಾಲದವನು. ಹಳಬರು ಸೇರಿದಲ್ಲೆಲ್ಲ ಎಸ್‌ಎಲ್‌ಆರ್ ಹೊಗಳಿ ಇನ್‌ಸಾಸ್ ತೆಗಳುವುದು ರೂಢಿಯಾಗಿಬಿಟ್ಟಿದೆ. 1999ರಲ್ಲಿ ಕಾರ್ಗಿಲ್ ಎತ್ತರದಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಚಳಿಗೆ ಸೀಳಿದ್ದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಲೆಕ್ಕ ನೋಡಿ. 7.62 ಕಾಡತೂಸು ಒಂದಕ್ಕೆ ಸುಮಾರು 24 ಗ್ರಾಂ, 5.56 ಅದರ ಅರ್ಧ. ನೂರು ಕಾಡತೂಸಿಗೆ ಒಂದು ಕಿಲೋಗಿಂತ ಹೆಚ್ಚು ಉಳಿತಾಯ. ಉಸಿರು ಸಿಗದ ಎತ್ತರದಲ್ಲಿ ಒಂದು ಕಿಲೋ ಎಂದರೆ ಏನು ಎಂಬುದು ಹತ್ತಿದವನಿಗೇ ಗೊತ್ತು. ಪೆಟ್ಟು ಕಡಿಮೆಯಾದ್ದರಿಂದ ಹೊಸ ಹುಡುಗರು ಕಣ್ಣು ಮುಚ್ಚದೆ ಗುರಿ ಕಲಿಯುತ್ತಿದ್ದರು. ನನ್ನದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅಗತ್ಯದ ಹೊತ್ತಿನಲ್ಲಿ ನಿಲ್ಲಲಿಲ್ಲ. ನಾನು ದಿನಾ ತೆರೆದು ಜೋಡಿಸುತ್ತಿದ್ದೆ, ಅಷ್ಟೇ.

ಮಾಜಿ ಸುಬೇದಾರ್, ಹಾವೇರಿ

ನಾಯಕ್ ಅವರೇ, ಒಪ್ಪಿದೆ. ಸೀಳಿದ ಮ್ಯಾಗಜಿನ್ ರೈಫಲ್‌ನ ದೋಷವೇ, ಅದನ್ನು ಮುಚ್ಚಿಡಬಾರದು. ಆದರೆ ಅದೊಂದರಿಂದ ಇಡೀ ರೈಫಲ್ ಕೆಟ್ಟದ್ದು ಎನ್ನುವುದೂ ಅನ್ಯಾಯ. ಗುಡ್ಡ ಹತ್ತುವವನ ಹೆಗಲಿನ ಮಾತನ್ನು ನಾನು ಎಣಿಸಿರಲಿಲ್ಲ.

ಧಾರವಾಡದ ಶೂಟರ್

ನಾನು ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ .22 ಹಿಡಿದವಳು. ಈಗ ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತೇನೆ, ಮಕ್ಕಳಿಗೂ ಹೇಳಿಕೊಡುತ್ತೇನೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಮೇಲೆ ಕೇಳಿಕೊಂಡು ಬರುವ ಮಕ್ಕಳ ಸಂಖ್ಯೆ ಹೆಚ್ಚಾಗಿದೆ. ನನಗೆ ಬಹಳ ಸಂತೋಷ.

ಬಾಳಿಕೆಯ ಬಗ್ಗೆ ನನ್ನ ಅನುಭವ ಬೇರೆ ದಿಕ್ಕಿನದು. ನಮ್ಮಲ್ಲಿ ರೈಫಲ್ ನಿಲ್ಲುವುದಿಲ್ಲ, ನಿಖರತೆ ಕುಸಿಯುತ್ತದೆ. ಒಂದೇ ರೈಫಲ್ ಒಂದು ಪೆಟ್ಟಿಗೆಯ ಪೆಲೆಟ್‌ಗೆ (ಏರ್ ರೈಫಲ್‌ನ ಸಣ್ಣ ಗುಂಡಿಗೆ) ಒಂದೇ ತೂತು ಮಾಡುತ್ತದೆ, ಇನ್ನೊಂದು ಪೆಟ್ಟಿಗೆಗೆ ರೂಪಾಯಿ ನಾಣ್ಯದಷ್ಟು ಹರಡುತ್ತದೆ. ರೈಫಲ್ ಕೆಟ್ಟಿದೆ ಎಂದು ಮಾರಲು ಹೊರಟ ಪಾಲಕರಿಗೆ ಪೆಲೆಟ್ ಬದಲಿಸಿ ನೋಡಿ ಎಂದು ಹೇಳಿ ತಡೆದಿದ್ದೇನೆ. .177 ಅಳತೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಪರವಾನಗಿ ಬೇಡ. ಹಾಗೆಂದು ಅದನ್ನು ಹೊಲಕ್ಕೆ ಒಯ್ದು ಹಂದಿಗೆ ಹೊಡೆಯುವ ಯೋಚನೆ ಯಾರೂ ಮಾಡಬೇಡಿ. ಹಂದಿ ಸಾಯುವುದಿಲ್ಲ, ಗಾಯದಿಂದ ಕೆರಳಿ ತಿರುಗಿ ಬೀಳುತ್ತದೆ.

ಕಪ್ಪತಗುಡ್ಡದ ರೈತ

ಇಷ್ಟು ಜನ ಇಷ್ಟು ಬರೆದದ್ದಕ್ಕೆ ಕೃತಜ್ಞತೆಗಳು. ಎಸ್‌ಎಲ್‌ಆರ್ ಆಸೆ ಬಿಟ್ಟೆ. ಹಾಗಾದರೆ .315 ಕೊಳ್ಳಬಹುದು ಅಲ್ಲವೇ? ಜೋಡುನಳಿಗೆ 40 ಮೀಟರ್ ದಾಟಿದರೆ ಕೆಲಸಕ್ಕೆ ಬಾರದು. ಹಂದಿಗಳು ಬ್ಯಾಟರಿಯ ಬೆಳಕು ಕಂಡ ಕೂಡಲೇ ದೂರ ಸರಿಯುತ್ತವೆ.

ಹಾನಗಲ್ಲಿನ ಗೋವಿನಜೋಳದವನು

ಅಣ್ಣಾ, ಕೊಳ್ಳಬೇಡ. ನಾನು ಹೇಳುವುದನ್ನು ದಯವಿಟ್ಟು ಪೂರ್ತಿ ಓದು.

ಆರು ವರ್ಷಗಳ ಹಿಂದಿನ ಮಾತು. ನಮ್ಮ ಊರಿನಲ್ಲಿ ಒಬ್ಬರು ರೈಫಲ್ ತಂದಿದ್ದರು. ಗೋವಿನಜೋಳ ತೆನೆ ಕಟ್ಟಿದ ಕಾಲ, ರಾತ್ರಿ ಎರಡರ ಸುಮಾರು. ಅಟ್ಟಣಿಗೆಯ ಮೇಲೆ ನಾವು ಮೂವರು ಕೂತಿದ್ದೆವು. ಬೆಳಕಿಗೆ ಕಣ್ಣು ಹೊಳೆದವು, ಅವರು ಹೊಡೆದರು. ಹಂದಿಗೆ ತಾಗಲಿಲ್ಲ. ಹಿಂಡು ಓಡಿತು, ನಾವು ನಕ್ಕು ಮಲಗಿದೆವು. ಬೆಳಿಗ್ಗೆ ಹಳ್ಳದ ಆಚೆಯ ತೋಟದಿಂದ ಒಬ್ಬ ಅಜ್ಜ ಬಂದು ನಿಂತ. ಅವನ ಗುಡಿಸಲಿನ ತಗಡಿನಲ್ಲಿ ತೂತು. ಒಳಗೆ ಮೊಮ್ಮಗಳ ತೊಟ್ಟಿಲ ಹಗ್ಗ ಕಟ್ಟಿದ್ದ ತೊಲೆಯಲ್ಲಿ ಗುಂಡು ಕೂತಿತ್ತು. ಆ ಗುಡಿಸಲು ಅಟ್ಟಣಿಗೆಯಿಂದ ಒಂದೂಕಾಲು ಕಿಲೋಮೀಟರ್ ದೂರ. ನಾವು ಅಳೆದು ನೋಡಿದೆವು.

ಅಜ್ಜ ಬೈಯಲಿಲ್ಲ. ಗುಂಡನ್ನು ಕಿತ್ತು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು ಹೋದ. ಆ ರೈಫಲ್ ಬಹಳ ಒಳ್ಳೆಯದು, ಒಮ್ಮೆಯೂ ಕೆಟ್ಟಿರಲಿಲ್ಲ. ಮಾಲೀಕರು ಅದನ್ನು ಆ ವಾರವೇ ಠಾಣೆಯಲ್ಲಿ ಇಟ್ಟು, ನಂತರ ಮಾರಿದರು.

ಹುಬ್ಬಳ್ಳಿ ತ್ರೀ ಒನ್ ಫೈವ್

ಹಾನಗಲ್ಲಿನ ತಮ್ಮ ಬರೆದದ್ದನ್ನು ನಾನು ಮೊದಲೇ ಬರೆಯಬೇಕಾಗಿತ್ತು. ರೈಫಲ್ ಗುಂಡು ತಪ್ಪಿದರೆ ಎರಡು ಕಿಲೋಮೀಟರ್ ದಾಟಿಯೂ ಜೀವ ತೆಗೆಯಬಲ್ಲದು. ಜೋಡುನಳಿಗೆಯ ಸಣ್ಣ ಛರ್ರೆ 300 ಮೀಟರಿನ ಒಳಗೇ ಸತ್ವ ಕಳೆದು ಬೀಳುತ್ತದೆ. ಗುಂಡಿನ ಹಿಂದೆ ಮಣ್ಣಿನ ದಿಬ್ಬ ಇರಬೇಕು ಎಂಬುದು ಮೊದಲ ಪಾಠ. ಗುಡ್ಡದ ಕಡೆ ಬಿಟ್ಟರೆ ಉಳಿದ ಬಯಲಿನಲ್ಲಿ ಎಲ್ಲಿದೆ ದಿಬ್ಬ? ನಾನು ನನ್ನ .315 ಅನ್ನು ಹೊಲದಲ್ಲಿ ಒಮ್ಮೆಯೂ ಹಾರಿಸಿಲ್ಲ. ರೇಂಜಿನಲ್ಲಿ ಮಾತ್ರ.

ಗದಗಿನ ಶಸ್ತ್ರಾಗಾರದವರು (ನಿವೃತ್ತ)

ಮೂವತ್ತು ವರ್ಷ ಸರ್ಕಾರಿ ಬಂದೂಕುಗಳನ್ನು ಒರೆಸಿ, ಎಣಿಸಿ, ರಿಪೇರಿ ಮಾಡಿ ನಿವೃತ್ತನಾದವನು ನಾನು. ಮೂರು ವಿಷಯ ಬರೆಯುತ್ತೇನೆ.

ಕಾಯ್ದೆ: 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಓದಿ ನೋಡಿ. ಬೆಳೆ ರಕ್ಷಣೆಗೆ ಎಂದು ಅದು ಹೇಳುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಆತ್ಮರಕ್ಷಣೆ ಮತ್ತು ಕ್ರೀಡೆಗೆ ಎಂದು 20 ಅಂಗುಲಕ್ಕೆ ಕಡಿಮೆಯಿಲ್ಲದ, ಒಳಗೆ ನುಣುಪಾದ ನಳಿಗೆಯ ಬಂದೂಕನ್ನು. ಬೆಳೆ ರಕ್ಷಣೆಗೆ ರೈಫಲ್ ಎಂಬ ಮಾತು ಅಲ್ಲಿ ಇಲ್ಲ. ಪರವಾನಗಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹುಲ್ಲೆಕರುಗಳ ಮೇಲಂತೂ ಬಂದೂಕು ಎತ್ತಲೇಬಾರದು, ಅವು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ವಾರಸುದಾರಿಕೆ: ತಮ್ಮಾ, ನಿನ್ನ ತಂದೆಗೆ 74 ಎಂದೆ, ಬಂದೂಕು 1990ರದು ಎಂದೆ. 2016ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು 25 ವರ್ಷ ಅವರ ಬಳಿ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ಎರಡೂ ನಿಮಗೆ ಹೊಂದುತ್ತವೆ. ಹೊಸ ರೈಫಲ್‌ಗೆ ಓಡಾಡುವ ಬದಲು ಇದನ್ನು ಮಾಡಿಸು. ತಂದೆ ತೀರಿಕೊಂಡ ಮೇಲೆ ಬಂದೂಕನ್ನು ಅಟ್ಟದ ಮೇಲೆ ಬಚ್ಚಿಟ್ಟು, ಹೆದರಿ ಹೆದರಿ ಠಾಣೆಗೆ ತಂದ ಮಕ್ಕಳನ್ನು ಬಹಳ ನೋಡಿದ್ದೇನೆ.

ಕಾಪಾಡುವುದು: ಬಂದೂಕನ್ನು ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಂಡು ಉಕ್ಕಿಗೆ ಉಣಿಸುತ್ತದೆ. ಗೋಣಿಚೀಲ ಇನ್ನೂ ಕೆಟ್ಟದು. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ತಿಂಗಳಿಗೊಮ್ಮೆ ತೆರೆದು ಒರೆಸಿ. ಚುನಾವಣೆ ಬಂದಾಗ ಠಾಣೆಯಲ್ಲಿ ಇಡಬೇಕಾಗುತ್ತದೆ. ಕೊಡುವ ಹಿಂದಿನ ರಾತ್ರಿ ನಳಿಗೆಯ ಒಳಗೂ ಹೊರಗೂ ಎಣ್ಣೆ ಸವರಿ, ಹೆಸರಿನ ಚೀಟಿ ಕಟ್ಟಿ, ಗುರುತು ಮತ್ತು ಗೀರುಗಳನ್ನು ಬರೆಸಿ ರಸೀದಿ ಪಡೆಯಿರಿ. ಗೋಡೆಗೆ ಒರಗಿಸಿಟ್ಟ ಬಂದೂಕುಗಳು ಎರಡು ತಿಂಗಳ ನಂತರ ಕೆಂಪಾಗಿ ಮರಳಿದಾಗ ಮಾಲೀಕರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ನಾನು ಇದ್ದಲ್ಲಿ ಮರದ ಚೌಕಟ್ಟು ಮಾಡಿಸಿ ನಿಲ್ಲಿಸುತ್ತಿದ್ದೆ. ಎಲ್ಲ ಕಡೆಯೂ ಹಾಗೆ ಆಗಬೇಕು.

ಹಳೆಯ .303 ಕಾಡತೂಸಿನ ಕಾಲದಲ್ಲಿ ಹಾರಿಸಿದ ಮೇಲೆ ನಳಿಗೆಗೆ ಕುದಿಯುವ ನೀರು ಹೊಯ್ಯುತ್ತಿದ್ದೆವು. ಅದರ ಕ್ಯಾಪ್ ಸಿಡಿದಾಗ ಉಪ್ಪಿನಂಥ ಪದಾರ್ಥ ಉಳಿಯುತ್ತಿತ್ತು. ಎಣ್ಣೆಗೆ ಅದು ಕರಗದು, ನೀರಿಗೇ ಕರಗಬೇಕು. ನಂತರ ಒಣಗಿಸಿ ಎಣ್ಣೆ. ಹುಬ್ಬಳ್ಳಿಯವರ ಗೆಳೆಯ ಕೊಂಡ ರೈಫಲ್‌ನ ಕುಳಿಗಳು ಹೀಗೆಯೇ ಆಗಿರಬೇಕು.

ನವಲಗುಂದದ ಮಾಜಿ ನಾಯಕ್

ಹಂದಿಗೆ ನಮ್ಮ ಮಾವನ ಹೊಲದಲ್ಲಿ ಸೋಲಾರ್ ಬೇಲಿ ಕೆಲಸ ಮಾಡಿದೆ. ತಂತಿಯ ಕೆಳಗೆ ಹುಲ್ಲು ಬೆಳೆಯದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಕರೆಂಟು ನೆಲಕ್ಕೆ ಹೋಗುತ್ತದೆ. ಮನೆಯ ವಿದ್ಯುತ್ ಲೈನನ್ನು ತಂತಿಗೆ ನೇರವಾಗಿ ಕೊಡುವ ಮೂರ್ಖತನ ಮಾತ್ರ ಬೇಡ, ಮನುಷ್ಯರು ಸಾಯುತ್ತಾರೆ.

ಕಪ್ಪತಗುಡ್ಡದ ರೈತ

ನಾಲ್ಕು ದಿನ ಬರೆಯಲಿಲ್ಲ, ಕ್ಷಮಿಸಿ. ಶೇಂಗಾ ಕೀಳುವ ಕೆಲಸ ಇತ್ತು.

ಹಾನಗಲ್ಲಿನ ತಮ್ಮನ ಬರಹವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಹೊಲದ ಕೆಳಗಿನ ಅಂಚಿನಿಂದ ತಾಂಡಾದ ಮನೆಗಳು ಎಷ್ಟು ದೂರ ಎಂದು ಮೊಬೈಲ್‌ನಲ್ಲಿ ಅಳೆದು ನೋಡಿದೆ. 900 ಮೀಟರ್. ರೈಫಲ್ ಕೊಳ್ಳುವುದಿಲ್ಲ. ಅಪ್ಪನ ಜೋಡುನಳಿಗೆಯನ್ನು ನನ್ನ ಹೆಸರಿಗೆ ಮಾಡಿಸಲು ಕಾಗದ ಹೊಂದಿಸುತ್ತಿದ್ದೇನೆ, ಬೇಲಿಯ ಖರ್ಚನ್ನೂ ವಿಚಾರಿಸುತ್ತಿದ್ದೇನೆ. ಬಂದೂಕು ಇದುವರೆಗೆ ಚರ್ಮದ ಚೀಲದಲ್ಲಿಯೇ ಇತ್ತು. ಗದಗಿನ ಹಿರಿಯರು ಬರೆದದ್ದನ್ನು ಓದಿ ಅಂದೇ ತೆಗೆದೆವು. ಎಡ ನಳಿಗೆಯ ಕೆಳಗೆ ಬೆರಳಗಲ ತುಕ್ಕು ಹಿಡಿದಿತ್ತು.

ನಿನ್ನೆ ರಾತ್ರಿ ಊಟದ ನಂತರ ಸುಬೇದಾರ್ ಸಾಹೇಬರು ಗ್ಯಾಸ್ ರೆಗ್ಯುಲೇಟರ್ ಬಗ್ಗೆ ಬರೆದ ಭಾಗವನ್ನು ಅಪ್ಪನಿಗೆ ಎರಡು ಸಲ ಓದಿದೆ. ಈಚೆಗೆ ಅವರಿಗೆ ಮರೆವು. ಮೊನ್ನೆ ತಂಗಿಯ ಮಗನ ಹೆಸರು ನೆನಪಾಗದೆ ಬಹಳ ನೊಂದುಕೊಂಡಿದ್ದರು. ಬಟ್ ನಂಬರ್ ಏನಿತ್ತು ಅಪ್ಪಾ ಎಂದೆ. ಕೇಳಿ ಮುಗಿಯುವ ಮೊದಲೇ 63 ಎಂದರು. ಆಮೇಲೆ ತಾವಾಗಿಯೇ, ನನ್ನದು ನಾಲ್ಕನೇ ಹಲ್ಲಿಗೆ ನಿಲ್ಲುತ್ತಿತ್ತು, ಮೇಲೆ ಎರಡು, ಒಟ್ಟು ಆರು ಎಂದು ಹೇಳಿ ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸಿದರು.

ಮಾಜಿ ಸುಬೇದಾರ್, ಹಾವೇರಿ

ತಂದೆಯವರಿಗೆ ನನ್ನ ಸಲಾಮು ಹೇಳಿ. ನನ್ನದು 112, ಐದನೇ ಹಲ್ಲು. ಬನ್ನಿ ಹಬ್ಬಕ್ಕೆ ಗದಗಿನ ಕಡೆ ಬರುತ್ತೇನೆ. ಆ ತುಕ್ಕನ್ನು ಮರಳು ಕಾಗದದಿಂದ ಉಜ್ಜಬೇಡಿ, ಎಣ್ಣೆ ಸವರಿ ಹಾಗೆಯೇ ಬಿಡಿ, ನಾನು ಬಂದು ನೋಡುತ್ತೇನೆ.